ಸೋತ ಸೈನ್ಯ ಹಿಡಿದ ದಾರಿ: ವಾಟರ್‌ಲೂ ಕದನ ತೀರ್ಮಾನವಾದದ್ದು ಎಲ್ಲಿ?

1815ರ ಜೂನ್ 16ರ ರಾತ್ರಿ. ಇಂದಿನ ಬೆಲ್ಜಿಯಂನ ಲಿನಿ ಎಂಬ ಹಳ್ಳಿಯ ಹತ್ತಿರ ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ಸೈನ್ಯ ನೆಪೋಲಿಯನ್‌ನ ಕೈಯಲ್ಲಿ ಸೋತು ಹಿಂದೆ ಸರಿಯುತ್ತಿತ್ತು. ಅದರ ಸೇನಾಪತಿ ಬ್ಲೂಷರ್‌ಗೆ ಆಗ 72 ವರ್ಷ. ಗುಂಡೇಟಿಗೆ ಬಿದ್ದ ಕುದುರೆಯ ಕೆಳಗೆ ಸಿಕ್ಕಿಕೊಂಡಿದ್ದ ಅವನು ಬದುಕಿದ್ದಾನೋ ಇಲ್ಲವೋ ಎಂಬುದೇ ಸ್ವಲ್ಪ ಹೊತ್ತು ತಿಳಿಯಲಿಲ್ಲ. ಸೈನ್ಯ ಯಾವ ಕಡೆ ಹೋಗಬೇಕು ಎಂಬ ತೀರ್ಮಾನ ಅವನ ಮುಖ್ಯ ಅಧಿಕಾರಿ ಗ್ನೈಸೆನೌನ ತಲೆಗೆ ಬಂತು.

ದಾರಿ ಎರಡು ಇದ್ದವು. ಪೂರ್ವಕ್ಕೆ ಹೋದರೆ ಲಿಯೇಜ್, ಅದರಾಚೆ ರೈನ್ ನದಿ. ಅಲ್ಲಿ ಊಟ, ಮದ್ದುಗುಂಡು, ಊರಿನ ದಾರಿ ಎಲ್ಲವೂ ಇತ್ತು. ಉತ್ತರಕ್ಕೆ ಹೋದರೆ ವಾವ್ರ್ ಎಂಬ ಸಣ್ಣ ಊರು. ಅಲ್ಲಿ ಅಂಥದ್ದೇನೂ ಇರಲಿಲ್ಲ. ಇದ್ದದ್ದು ಒಂದೇ ಅನುಕೂಲ: ಮಿತ್ರನಾದ ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್‌ನ ಸೈನ್ಯಕ್ಕೆ ಹತ್ತಿರವಾಗಿ ಇರಬಹುದಿತ್ತು. ಗ್ನೈಸೆನೌಗೆ ಬ್ರಿಟಿಷರ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಆದರೂ ಅವನು ಉತ್ತರದ ದಾರಿ ಹಿಡಿಸಿದ.

ವಾಟರ್‌ಲೂ ಕದನ ನಡೆದದ್ದು ಜೂನ್ 18ರಂದು. ಆದರೆ ನನ್ನ ಪ್ರಕಾರ ಅದರ ತೀರ್ಮಾನ ಆದದ್ದು ಈ ರಾತ್ರಿಯೇ. ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಓದಿದ್ದು ‘ವಾಟರ್‌ಲೂನಲ್ಲಿ ವೆಲ್ಲಿಂಗ್ಟನ್ ನೆಪೋಲಿಯನ್‌ನನ್ನು ಸೋಲಿಸಿದ’ ಎಂಬ ಒಂದು ಸಾಲು. ಆ ಸಾಲಿನಲ್ಲಿ ಅರ್ಧ ಕಥೆ ಬಿಟ್ಟುಹೋಗಿದೆ. ಬಿಟ್ಟುಹೋದ ಆ ಅರ್ಧವನ್ನು ತಿಳಿದುಕೊಳ್ಳದೆ, ಮುಂದಿನ ನೂರು ವರ್ಷ ಯುರೋಪಿನಲ್ಲಿ ಏನಾಯಿತು ಎಂಬುದೂ ಸರಿಯಾಗಿ ಅರ್ಥವಾಗುವುದಿಲ್ಲ.

ಈ ಯುದ್ಧ ಯಾಕೆ ಬಂತು?

ಫ್ರಾನ್ಸ್ ಮತ್ತು ಯುರೋಪಿನ ಉಳಿದ ರಾಜ್ಯಗಳ ನಡುವಿನ ಯುದ್ಧಗಳು ಶುರುವಾದದ್ದು 1792ರಲ್ಲಿ. ಮಧ್ಯೆ ಒಂದೆರಡು ಸಣ್ಣ ಬಿಡುವು ಬಿಟ್ಟರೆ ಎರಡು ದಶಕ ಯುರೋಪ್ ಹೊತ್ತಿ ಉರಿಯುತ್ತಲೇ ಇತ್ತು. 1812ರಲ್ಲಿ ರಷ್ಯಾಕ್ಕೆ ನುಗ್ಗಿ ನೆಪೋಲಿಯನ್ ಸೈನ್ಯವನ್ನೇ ಕಳೆದುಕೊಂಡ. 1813ರಲ್ಲಿ ಲೈಪ್‌ಜಿಗ್‌ನಲ್ಲಿ ಸೋತ. 1814ರ ಏಪ್ರಿಲ್‌ನಲ್ಲಿ ಪಟ್ಟ ಬಿಟ್ಟುಕೊಟ್ಟು ಎಲ್ಬಾ ಎಂಬ ಪುಟ್ಟ ದ್ವೀಪಕ್ಕೆ ಹೋದ. ಫ್ರಾನ್ಸಿನ ಸಿಂಹಾಸನಕ್ಕೆ ಹಳೆಯ ಬೂರ್ಬನ್ ವಂಶದ ಹದಿನೆಂಟನೇ ಲೂಯಿ ಬಂದ.

ಹೊಸ ರಾಜನ ಆಡಳಿತ ಜನರಿಗೆ ಹಿಡಿಸಲಿಲ್ಲ. ಸೈನಿಕರಿಗಂತೂ ಜಾಸ್ತಿ ಸಿಟ್ಟಿತ್ತು. ಸಾವಿರಾರು ಅಧಿಕಾರಿಗಳನ್ನು ಅರ್ಧ ಸಂಬಳ ಕೊಟ್ಟು ಮನೆಗೆ ಕಳುಹಿಸಿದ್ದರು. ಇದೆಲ್ಲ ಎಲ್ಬಾಕ್ಕೆ ಸುದ್ದಿಯಾಗಿ ಮುಟ್ಟುತ್ತಲೇ ಇತ್ತು. 1815ರ ಫೆಬ್ರವರಿ 26ರಂದು ನೆಪೋಲಿಯನ್ ದ್ವೀಪದಿಂದ ತಪ್ಪಿಸಿಕೊಂಡ. ಮಾರ್ಚ್ 1ರಂದು ಫ್ರಾನ್ಸಿನ ದಕ್ಷಿಣ ತೀರದಲ್ಲಿ ಇಳಿದ. ಅವನನ್ನು ಹಿಡಿಯಲು ರಾಜ ಕಳುಹಿಸಿದ ಸೈನಿಕರೇ ಅವನ ಕಡೆ ಸೇರಿಕೊಂಡರು. ಮಾರ್ಚ್ 20ರಂದು ಪ್ಯಾರಿಸ್ ಅವನ ಕೈಯಲ್ಲಿತ್ತು.

ಆ ಹೊತ್ತಿಗೆ ಯುರೋಪಿನ ದೊರೆಗಳೂ ಮಂತ್ರಿಗಳೂ ವಿಯೆನ್ನಾದಲ್ಲಿ ಸೇರಿ ಖಂಡದ ನಕ್ಷೆಯನ್ನು ಹೊಸದಾಗಿ ಬರೆಯುತ್ತಿದ್ದರು. ಪೋಲೆಂಡ್ ಯಾರಿಗೆ, ಸ್ಯಾಕ್ಸನಿ ಯಾರಿಗೆ ಎಂದು ಅವರಲ್ಲೇ ದೊಡ್ಡ ಜಗಳ ನಡೆದಿತ್ತು. ನೆಪೋಲಿಯನ್ ವಾಪಸ್ ಬಂದ ಸುದ್ದಿ ಅವರನ್ನೆಲ್ಲ ಮತ್ತೆ ಒಂದು ಮಾಡಿತು. ಮಾರ್ಚ್ 13ರಂದು ಅವನನ್ನು ಕಾನೂನಿನ ರಕ್ಷಣೆ ಇಲ್ಲದವನು ಎಂದು ಸಾರಿದರು. ಮಾರ್ಚ್ 25ರಂದು ಬ್ರಿಟನ್, ಆಸ್ಟ್ರಿಯಾ, ಪ್ರಷ್ಯಾ, ರಷ್ಯಾ ತಲಾ 1,50,000 ಸೈನಿಕರನ್ನು ಕಣಕ್ಕಿಳಿಸುವುದಾಗಿ ಒಪ್ಪಂದ ಮಾಡಿಕೊಂಡವು.

ನೆಪೋಲಿಯನ್‌ಗೆ ಕಾಯುವಷ್ಟು ಸಮಯ ಇರಲಿಲ್ಲ. ಕಾದಷ್ಟೂ ಶತ್ರುಗಳು ಹೆಚ್ಚುತ್ತಿದ್ದರು. ಆಸ್ಟ್ರಿಯಾ, ರಷ್ಯಾ ಸೈನ್ಯಗಳು ಇನ್ನೂ ದೂರದಲ್ಲಿದ್ದವು. ಹತ್ತಿರದಲ್ಲಿ ಇದ್ದವು ಎರಡೇ: ಬ್ರಸೆಲ್ಸ್ ಸುತ್ತಮುತ್ತ ವೆಲ್ಲಿಂಗ್ಟನ್‌ನದು, ಅದರ ಪೂರ್ವಕ್ಕೆ ಬ್ಲೂಷರ್‌ನದು. ಎರಡೂ ಒಟ್ಟು ಸೇರಿದರೆ 2 ಲಕ್ಷ ದಾಟುತ್ತಿದ್ದವು. ಅವನ ಬಳಿ ಇದ್ದದ್ದು ಸುಮಾರು 1,20,000. ಹಾಗಾಗಿ ಅವನ ಲೆಕ್ಕ ಸರಳವಾಗಿತ್ತು. ಇಬ್ಬರ ನಡುವೆ ನುಗ್ಗಬೇಕು. ಒಬ್ಬನನ್ನು ಹೊಡೆದು, ಅವನು ಸುಧಾರಿಸಿಕೊಳ್ಳುವ ಮೊದಲೇ ಇನ್ನೊಬ್ಬನನ್ನು ಹೊಡೆಯಬೇಕು.

ಈ ಲೆಕ್ಕದಲ್ಲಿ ಇನ್ನೊಂದು ಜಾಣತನವೂ ಇತ್ತು. ವೆಲ್ಲಿಂಗ್ಟನ್‌ಗೆ ಸಾಮಾನು ಸರಂಜಾಮು ಬರುತ್ತಿದ್ದದ್ದು ಸಮುದ್ರದ ಕಡೆಯಿಂದ, ಅಂದರೆ ಪಶ್ಚಿಮದಿಂದ. ಬ್ಲೂಷರ್‌ಗೆ ಬರುತ್ತಿದ್ದದ್ದು ರೈನ್ ಕಡೆಯಿಂದ, ಅಂದರೆ ಪೂರ್ವದಿಂದ. ಸೋತವರು ಸಹಜವಾಗಿ ತಮ್ಮ ಊಟ ಇರುವ ಕಡೆ ಓಡುತ್ತಾರೆ, ಅಲ್ವಾ? ಹಾಗೆ ಓಡಿದರೆ ಇಬ್ಬರೂ ಒಬ್ಬರಿಂದೊಬ್ಬರು ದೂರ ದೂರ ಹೋಗುತ್ತಾರೆ. ನೆಪೋಲಿಯನ್ ನಂಬಿದ್ದು ಇದನ್ನೇ. ಈಗ ಲಿನಿಯ ಆ ರಾತ್ರಿಯ ಬೆಲೆ ತಿಳಿಯುತ್ತದೆ. ಗ್ನೈಸೆನೌ ಊಟ ಇರುವ ಕಡೆ ಹೋಗಲಿಲ್ಲ.

ಜೂನ್ 15ರಂದು ಫ್ರೆಂಚರು ಶಾರ್ಲರುವಾ ಬಳಿ ಸಾಂಬ್ರ್ ನದಿ ದಾಟಿದರು. 16ರಂದು ಎರಡು ಕಡೆ ಕದನ ನಡೆಯಿತು. ಲಿನಿಯಲ್ಲಿ ನೆಪೋಲಿಯನ್ ಬ್ಲೂಷರ್‌ನನ್ನು ಸೋಲಿಸಿದ. ಕಾತ್ರ್ ಬ್ರಾ ಎಂಬ ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ನೇ ಎಂಬ ಅವನ ಮಾರ್ಷಲ್ ವೆಲ್ಲಿಂಗ್ಟನ್‌ನನ್ನು ತಡೆದು ನಿಲ್ಲಿಸಿದ. ದೆರ್ಲೋನ್ ಎಂಬ ಜನರಲ್‌ನ ಸುಮಾರು 20,000 ಜನರ ಫ್ರೆಂಚ್ ದಳ ಮಾತ್ರ ಗೊಂದಲದ ಆಜ್ಞೆಗಳಿಂದಾಗಿ ಎರಡು ಕದನಗಳ ನಡುವೆ ಅತ್ತಿಂದಿತ್ತ ಸುಮ್ನೆ ನಡೆದು ದಿನ ಕಳೆಯಿತು. ಅದು ಯಾವ ಕಡೆ ಸೇರಿದ್ದರೂ 18ರ ಕದನ ಬಹುಶಃ ಬೇಕಾಗುತ್ತಲೇ ಇರಲಿಲ್ಲ.

17ರಂದು ನೆಪೋಲಿಯನ್ ಪ್ರಷ್ಯನ್ನರ ಬೆನ್ನಟ್ಟಲು ಮಾರ್ಷಲ್ ಗ್ರೂಷಿಗೆ ಸುಮಾರು 33,000 ಜನರನ್ನು ಕೊಟ್ಟು ಕಳುಹಿಸಿದ. ತಾನು ವೆಲ್ಲಿಂಗ್ಟನ್‌ನ ಹಿಂದೆ ಬಿದ್ದ. ವೆಲ್ಲಿಂಗ್ಟನ್ ಬ್ರಸೆಲ್ಸ್‌ನಿಂದ ಸುಮಾರು 15 ಕಿ.ಮೀ. ದಕ್ಷಿಣಕ್ಕೆ, ಮೋಂ ಸೇಂ ಜಾನ್ ದಿಬ್ಬದ ಮೇಲೆ ನಿಂತುಕೊಂಡ. ವಾಟರ್‌ಲೂ ಎಂಬ ಹಳ್ಳಿ ಇರುವುದು ಅಲ್ಲಿಂದ ಹಿಂದಕ್ಕೆ. ಬ್ಲೂಷರ್‌ಗೆ ಅವನು ಕಳುಹಿಸಿದ ಸುದ್ದಿಯ ಸಾರ ಇಷ್ಟೇ: ನೀನು ಒಂದು ದಳವನ್ನಾದರೂ ಕಳುಹಿಸುವುದಾದರೆ ನಾನು ಇಲ್ಲಿ ನಿಂತು ಕಾದಾಡುತ್ತೇನೆ. ನಡುರಾತ್ರಿ ದಾಟಿದ ಮೇಲೆ ಉತ್ತರ ಬಂತು. ಬರುತ್ತೇನೆ ಎಂದು ಬ್ಲೂಷರ್ ಮಾತು ಕೊಟ್ಟಿದ್ದ.

ಜೂನ್ 18, ಭಾನುವಾರ

ಹಿಂದಿನ ದಿನವೆಲ್ಲ, ರಾತ್ರಿಯೆಲ್ಲ ಮಳೆ. ಎದೆಮಟ್ಟ ಬೆಳೆದ ರೈ ಪೈರಿನ ಹೊಲಗಳು ನಾಟಿಗೆ ಹದ ಮಾಡಿದ ಗದ್ದೆಯಂತಾಗಿದ್ದವು. ಇದು ಸಣ್ಣ ವಿಷಯ ಅಲ್ಲ. ಆ ಕಾಲದ ಫಿರಂಗಿಯಿಂದ ಹಾರುತ್ತಿದ್ದದ್ದು ಹೆಚ್ಚಾಗಿ ಗಟ್ಟಿ ಕಬ್ಬಿಣದ ಗುಂಡು. ಗಟ್ಟಿ ನೆಲದ ಮೇಲೆ ಅದು ಪುಟಿಯುತ್ತಾ ಸಾಲು ಸಾಲು ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಕೆಸರಲ್ಲಿ ಬಿದ್ದರೆ ಅಲ್ಲೇ ಹೂತುಹೋಗುತ್ತಿತ್ತು. ನೆಪೋಲಿಯನ್‌ನ ದೊಡ್ಡ ಬಲವೇ ಫಿರಂಗಿ. ನೆಲ ಸ್ವಲ್ಪ ಒಣಗಲಿ, ಹಿಂದೆ ಉಳಿದ ದಳಗಳೂ ಬಂದು ಸೇರಲಿ ಎಂದು ಅವನು ಬೆಳಿಗ್ಗೆಯೆಲ್ಲ ಕಾದ. ಕದನ ಶುರುವಾದದ್ದು ಸುಮಾರು 11.30ಕ್ಕೆ. ಅವನು ಕಾದ ಒಂದೊಂದು ಗಂಟೆಯೂ ವಾವ್ರ್‌ನಿಂದ ಹೊರಟಿದ್ದ ಪ್ರಷ್ಯನ್ನರಿಗೆ ಸಿಕ್ಕಿದ ಗಂಟೆ.

ಎದುರುಬದುರು ಇದ್ದವರು ಎಷ್ಟು? ನೆಪೋಲಿಯನ್ ಕಡೆ ಸುಮಾರು 73,000 ಜನ, 246 ಫಿರಂಗಿ. ವೆಲ್ಲಿಂಗ್ಟನ್ ಕಡೆ ಸುಮಾರು 68,000 ಜನ, 156 ಫಿರಂಗಿ. ಇದನ್ನು ಬ್ರಿಟಿಷ್ ಸೈನ್ಯ ಎಂದು ಕರೆಯುವುದು ರೂಢಿ. ಆದರೆ ಅದರಲ್ಲಿ ಬ್ರಿಟಿಷರು ಸರಿಸುಮಾರು ಮೂರರಲ್ಲಿ ಒಂದು ಪಾಲು ಅಷ್ಟೆ. ಉಳಿದವರು ಡಚ್ಚರು, ಬೆಲ್ಜಿಯನ್ನರು, ಹ್ಯಾನೋವರ್, ಬ್ರನ್ಸ್‌ವಿಕ್, ನಸ್ಸೌ ರಾಜ್ಯಗಳ ಜರ್ಮನ್ನರು.

ವೆಲ್ಲಿಂಗ್ಟನ್ ಆರಿಸಿದ ಜಾಗದ ಗುಟ್ಟು ದಿಬ್ಬದಲ್ಲಿತ್ತು. ತನ್ನ ಬಹುಪಾಲು ಜನರನ್ನು ಅವನು ದಿಬ್ಬದ ಹಿಂದಿನ ಇಳಿಜಾರಿನಲ್ಲಿ ಮಲಗಿಸಿದ್ದ. ಎದುರಿನ ಫಿರಂಗಿಗಳಿಗೆ ಅವರು ಕಾಣುತ್ತಿರಲಿಲ್ಲ. ದಿಬ್ಬದ ಮುಂದೆ ಮೂರು ಕೋಟೆಯಂಥ ನೆಲೆಗಳಿದ್ದವು. ಬಲಕ್ಕೆ ಉಗೂಮೋಂ ಎಂಬ ದೊಡ್ಡ ತೋಟದ ಮನೆ, ನಡುವೆ ಲಾ ಎ ಸೇಂತ್ ಎಂಬ ಇನ್ನೊಂದು, ಎಡಕ್ಕೆ ಪಪ್‌ಲೋತ್ ಸುತ್ತಲಿನ ಮನೆಗಳು. ಫ್ರೆಂಚರು ದಿಬ್ಬ ಹತ್ತಬೇಕಾದರೆ ಇವುಗಳ ಗುಂಡೇಟು ತಿಂದೇ ಹೋಗಬೇಕು.

ಮೊದಲ ದಾಳಿ ಉಗೂಮೋಂ ಮೇಲೆ ನಡೆಯಿತು. ಶತ್ರುವಿನ ಗಮನ ಸೆಳೆಯಲು ಶುರುವಾದ ಆ ದಾಳಿ ಸಂಜೆಯವರೆಗೂ ಮುಂದುವರಿದು ಸಾವಿರಾರು ಫ್ರೆಂಚ್ ಸೈನಿಕರನ್ನು ನುಂಗಿತು. ಮಧ್ಯಾಹ್ನ 1.30ರ ಹೊತ್ತಿಗೆ ದೆರ್ಲೋನ್‌ನ ಕಾಲಾಳುಗಳು ಭಾರಿ ದಟ್ಟಣೆಯ ಸಾಲುಗಳಲ್ಲಿ ದಿಬ್ಬ ಹತ್ತಿದರು. ಅವರನ್ನು ಗುಂಡಿನ ಮಳೆ ತಡೆಯಿತು. ಆಮೇಲೆ ಬ್ರಿಟಿಷ್ ಕುದುರೆ ದಳಗಳು ಮೇಲೆ ಬಿದ್ದು ಚೆದುರಿಸಿದವು. ಆ ಸವಾರರು ಹುಮ್ಮಸ್ಸಿನಲ್ಲಿ ಬಹಳ ಮುಂದೆ ಹೋಗಿ, ತಾವೇ ಸಿಕ್ಕಿಬಿದ್ದು ಭಾರಿ ನಷ್ಟ ಮಾಡಿಕೊಂಡರು.

ಅಷ್ಟರಲ್ಲಿ, ಸುಮಾರು 1 ಗಂಟೆಗೆ, ನೆಪೋಲಿಯನ್‌ನ ಬಲಗಡೆ ದೂರದ ಕಾಡಿನಂಚಿನಲ್ಲಿ ಒಂದು ಕಪ್ಪು ಸಾಲು ಕಂಡಿತ್ತು. ಗ್ರೂಷಿಯ ಜನ ಇರಬಹುದು ಎಂದು ಕೆಲವರು ಆಸೆಪಟ್ಟರು. ಅವರು ಪ್ರಷ್ಯನ್ನರು.

ಆ ದಿನದ ಪ್ರಷ್ಯನ್ನರ ನಡಿಗೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ವಾವ್ರ್‌ನಿಂದ ರಣಭೂಮಿಗೆ ದೂರ ಹೆಚ್ಚೇನಿಲ್ಲ, ಸುಮಾರು 15 ಕಿ.ಮೀ. ಆದರೆ ಹಳ್ಳಿಯ ಕಿರಿದಾದ ದಾರಿ, ಮೊಣಕಾಲುದ್ದ ಕೆಸರು, ಲಾನ್ ಹೊಳೆಯ ಕಡಿದಾದ ಕಣಿವೆ. ಜೊತೆಗೆ ಫಿರಂಗಿಗಳನ್ನು ಎಳೆಯಬೇಕು. ವಾವ್ರ್ ಊರಿನಲ್ಲೇ ಬೆಂಕಿ ಬಿದ್ದು ದಾರಿ ಕಟ್ಟಿಹೋಯಿತು. ಇವರಲ್ಲಿ ತುಂಬ ಜನ ಎರಡು ದಿನದ ಹಿಂದಷ್ಟೇ ಸೋತವರು, ಹೊಟ್ಟೆಗೆ ಸರಿಯಾಗಿ ಇಲ್ಲದವರು. ಮೈಯೆಲ್ಲ ನೋವಿದ್ದ ಬ್ಲೂಷರ್ ಕುದುರೆಯ ಮೇಲೆ ಕೂತು ಅವರ ಜೊತೆಯಲ್ಲೇ ಬಂದ. ನಾನು ವೆಲ್ಲಿಂಗ್ಟನ್‌ಗೆ ಮಾತು ಕೊಟ್ಟಿದ್ದೇನೆ, ಅದನ್ನು ಮುರಿಯುವ ಹಾಗೆ ಮಾಡಬೇಡಿ ಎಂದು ಅವರನ್ನು ಹುರಿದುಂಬಿಸುತ್ತಿದ್ದ.

ಇದೇ ಹೊತ್ತಿಗೆ ಗ್ರೂಷಿ ಎಲ್ಲಿದ್ದ? ಪ್ರಷ್ಯನ್ನರ ಹಿಂದೆಯೇ, ಆದರೆ ತಡವಾಗಿ. ಮಧ್ಯಾಹ್ನ ಅವನಿಗೆ ದೂರದ ಫಿರಂಗಿ ಸದ್ದು ಕೇಳಿಸಿತು. ಸದ್ದು ಬರುವ ಕಡೆ ಹೋಗೋಣ ಎಂದು ಜೊತೆಗಿದ್ದ ಜನರಲ್ ಜೆರಾರ್ ಒತ್ತಾಯಿಸಿದ. ತನಗೆ ಬಂದ ಆಜ್ಞೆ ಪ್ರಷ್ಯನ್ನರನ್ನು ಹಿಂಬಾಲಿಸುವುದು ಎಂದು ಗ್ರೂಷಿ ಒಪ್ಪಲಿಲ್ಲ. ಅವನು ವಾವ್ರ್ ಮುಟ್ಟಿದಾಗ ಅಲ್ಲಿ ಕಾದಿದ್ದದ್ದು ಪ್ರಷ್ಯಾದ ಒಂದೇ ದಳ. ಉಳಿದವರು ನೆಪೋಲಿಯನ್‌ನ ಮೇಲೆ ಬೀಳಲು ಹೊರಟುಹೋಗಿದ್ದರು. ಸೋಲಿನ ಹೊಣೆಯನ್ನೆಲ್ಲ ಆಮೇಲೆ ಗ್ರೂಷಿಯ ತಲೆಗೆ ಕಟ್ಟಿದರು. ಇದು ಪೂರ್ತಿ ನ್ಯಾಯ ಅಲ್ಲ. ಪ್ರಷ್ಯನ್ನರು ಪೂರ್ವಕ್ಕೇ ಓಡಿರಬೇಕು ಎಂದು ಮೊದಲು ನಂಬಿದವನು ನೆಪೋಲಿಯನ್. ಬೆನ್ನಟ್ಟುವ ಆಜ್ಞೆಯನ್ನು ತಡವಾಗಿ ಕೊಟ್ಟವನೂ ಅವನೇ.

ಸುಮಾರು 4 ಗಂಟೆಗೆ ಮಾರ್ಷಲ್ ನೇ ಕುದುರೆ ದಳಗಳನ್ನು ದಿಬ್ಬದ ಮೇಲೆ ನುಗ್ಗಿಸಿದ. ವಾಟರ್‌ಲೂ ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವ ದೃಶ್ಯ ಇದು. ಕಾಲಾಳುಗಳು ಚೌಕ ಕಟ್ಟಿ ನಿಂತರು. ನಾಲ್ಕೂ ಕಡೆ ಬಯೊನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ), ಮುಂದಿನ ಸಾಲು ಮೊಣಕಾಲೂರಿ, ಹಿಂದಿನ ಸಾಲುಗಳು ನಿಂತು ಗುಂಡು ಹಾರಿಸುತ್ತಾ. ಬಯೊನೆಟ್‌ಗಳ ಬೇಲಿಗೆ ಕುದುರೆ ಮೈಯೊಡ್ಡುವುದಿಲ್ಲ. ಎಷ್ಟು ಸಲ ನುಗ್ಗಿದರೂ ಸವಾರರು ಚೌಕಗಳ ಸುತ್ತ ಸುತ್ತಿ ವಾಪಸ್ ಹೋದರು. ಚೌಕಕ್ಕೆ ಕುದುರೆಯ ಭಯವಿಲ್ಲ, ಆದರೆ ಫಿರಂಗಿಯ ಮುಂದೆ ಅದು ಒತ್ತೊತ್ತಾಗಿ ನಿಂತ ಜನರ ಗುಂಪು. ಕುದುರೆಗಳ ಜೊತೆಗೇ ಫಿರಂಗಿ, ಕಾಲಾಳುಗಳನ್ನೂ ತಂದಿದ್ದರೆ ಚೌಕ ಒಡೆಯುತ್ತಿತ್ತು. ನೇ ಅದನ್ನು ಸರಿಯಾಗಿ ಮಾಡಲಿಲ್ಲ. ಸಂಜೆ ಫ್ರೆಂಚ್ ಫಿರಂಗಿಗಳು ಹತ್ತಿರ ಬಂದಾಗ ಏನಾಗುತ್ತದೆ ಎಂಬುದು 27ನೇ ರೆಜಿಮೆಂಟ್‌ಗೆ ಗೊತ್ತಾಯಿತು. ಸುಮಾರು 700 ಜನರಲ್ಲಿ 400ಕ್ಕೂ ಜಾಸ್ತಿ ಜನ ಸತ್ತರು, ಗಾಯಗೊಂಡರು.

ಸಂಜೆ 6ರ ನಂತರ ಲಾ ಎ ಸೇಂತ್ ಬಿತ್ತು. ಅದನ್ನು ಕಾಯುತ್ತಿದ್ದವರು ಬ್ರಿಟಿಷರ ಸೇವೆಯಲ್ಲಿದ್ದ ಜರ್ಮನ್ ರೈಫಲ್‌ಗಾರರು. ಅವರ ಮದ್ದುಗುಂಡು ಮುಗಿದುಹೋಗಿತ್ತು. ಮೇಜರ್ ಬಾರಿಂಗ್ ಬೆಳಿಗ್ಗೆ ಸುಮಾರು 400 ಜನರೊಂದಿಗೆ ಒಳಗೆ ನಿಂತಿದ್ದ. ಕೊನೆಗೆ ಅವನ ಜೊತೆ ಉಳಿದದ್ದು 42 ಜನ. ಈಗ ವೆಲ್ಲಿಂಗ್ಟನ್‌ನ ಸಾಲಿನ ನಡುಭಾಗ ತೆಳ್ಳಗಾಗಿತ್ತು. ಇನ್ನೊಂದು ಏಟು ಬಿದ್ದರೆ ಸಾಕಿತ್ತು. ನೇ ಇನ್ನಷ್ಟು ಜನ ಬೇಕು ಎಂದು ಹೇಳಿಕಳುಹಿಸಿದ. ನೆಪೋಲಿಯನ್ ಕಡೆ ಆ ಹೊತ್ತಿಗೆ ಬಿಟ್ಟುಕೊಡುವಂಥ ಜನ ಇರಲಿಲ್ಲ.

ಯಾಕೆ ಇರಲಿಲ್ಲ ಎಂಬುದೇ ಇಲ್ಲಿ ಮುಖ್ಯ. 4.30ರಿಂದ ಪ್ರಷ್ಯನ್ನರು ಅವನ ಬಲಬದಿಯ ಪ್ಲಾಂಸೆನ್ವಾ ಹಳ್ಳಿಯ ಮೇಲೆ ಬಿದ್ದಿದ್ದರು. ಆ ಹಳ್ಳಿ ಹೋದರೆ ಅವನ ಹಿಂದಿನ ದಾರಿಯೇ ಮುಚ್ಚಿಹೋಗುತ್ತಿತ್ತು. ಅದನ್ನು ಉಳಿಸಲು ಮೊದಲು ಲೋಬೋನ ದಳ, ಆಮೇಲೆ ಅವನ ಆಯ್ದ ಕಾವಲು ಪಡೆಯಾದ ಇಂಪೀರಿಯಲ್ ಗಾರ್ಡ್‌ನ ಯಂಗ್ ಗಾರ್ಡ್, ಅದೂ ಸಾಲದೆ ಓಲ್ಡ್ ಗಾರ್ಡ್‌ನ ಎರಡು ತುಕಡಿ ಹೋಗಬೇಕಾಯಿತು. ಮನೆಮನೆಗೂ ಚರ್ಚಿಗೂ ಕೈಕೈ ಮಿಲಾಯಿಸಿ ಹೊಡೆದಾಟ ನಡೆಯಿತು. ದಿಬ್ಬದ ಮೇಲೆ ಬೀಳಬೇಕಿದ್ದ ಆ ಕೊನೆಯ ಏಟಿನ ಜನ ಪ್ಲಾಂಸೆನ್ವಾದ ಬೀದಿಗಳಲ್ಲಿ ಸಾಯುತ್ತಿದ್ದರು.

7.30ರ ಹೊತ್ತಿಗೆ ನೆಪೋಲಿಯನ್ ಉಳಿದಿದ್ದ ಇಂಪೀರಿಯಲ್ ಗಾರ್ಡ್ ಪಡೆಯನ್ನು ಕಳುಹಿಸಿದ. ಉತ್ಸಾಹ ತುಂಬಲು, ಬಲಗಡೆ ಬರುತ್ತಿರುವವರು ಗ್ರೂಷಿಯ ಜನ ಎಂದು ಸೈನ್ಯಕ್ಕೆಲ್ಲ ಸಾರಿಸಿದ. ಅದು ಸುಳ್ಳು ಎಂದು ಅವನಿಗೆ ಗೊತ್ತಿತ್ತು. ದಿಬ್ಬದ ಹಿಂದೆ ಮಲಗಿದ್ದ ಬ್ರಿಟಿಷ್ ಗಾರ್ಡ್ಸ್ ಎದ್ದು ನಿಂತು ಎದುರಿನಿಂದ ಗುಂಡು ಸುರಿಸಿದರು. ಡಚ್ ಜನರಲ್ ಶಾಸೆಯ ಜನ ನುಗ್ಗಿದರು. 52ನೇ ರೆಜಿಮೆಂಟ್ ಬದಿಯಿಂದ ಹೊಡೆಯಿತು. ಗಾರ್ಡ್ ಹಿಂದೆ ಸರಿಯಿತು. ಅದೇ ಹೊತ್ತಿಗೆ ಪಪ್‌ಲೋತ್ ಕಡೆಯಿಂದ ಜೀಟನ್‌ನ ಪ್ರಷ್ಯನ್ ದಳ ಬಂತು. ಗ್ರೂಷಿ ಬಂದ ಎಂದು ನಂಬಿದ್ದವರಿಗೆ ಎದುರಿನಿಂದ ಗುಂಡು ಬಿತ್ತು. ಮೋಸ, ದ್ರೋಹ ಎಂಬ ಕೂಗು ಎದ್ದು ಇಡೀ ಸೈನ್ಯ ಕುಸಿಯಿತು.

ರಾತ್ರಿ 9 ಗಂಟೆಯ ಸುಮಾರಿಗೆ ಲಾ ಬೆಲ್ ಅಲಿಯಾಂಸ್ ಎಂಬ ಛತ್ರದ ಹತ್ತಿರ ವೆಲ್ಲಿಂಗ್ಟನ್, ಬ್ಲೂಷರ್ ಎದುರಾದರು. ಕದನಕ್ಕೆ ಆ ಜಾಗದ ಹೆಸರೇ ಇರಲಿ ಎಂದು ಬ್ಲೂಷರ್ ಆಸೆಪಟ್ಟ. ವೆಲ್ಲಿಂಗ್ಟನ್ ತನ್ನ ವರದಿ ಬರೆದದ್ದು ವಾಟರ್‌ಲೂ ಹಳ್ಳಿಯಿಂದ, ಆ ಹೆಸರೇ ಉಳಿಯಿತು. ಐದಾರು ಕಿ.ಮೀ. ಅಗಲದ ಹೊಲದಲ್ಲಿ ಒಂದೇ ದಿನ ಸತ್ತವರು, ಗಾಯಗೊಂಡವರು ಸೇರಿ 45,000ಕ್ಕೂ ಜಾಸ್ತಿ. ಅದರಲ್ಲಿ ಸುಮಾರು 7,000 ಪ್ರಷ್ಯನ್ನರು. ಸುಮ್ನೆ ಕೊನೆಗಳಿಗೆಯಲ್ಲಿ ಬಂದು ಹೋದವರು ಅಷ್ಟು ಜನರನ್ನು ಕಳೆದುಕೊಳ್ಳುವುದಿಲ್ಲ.

ಗೆಲುವು ಯಾರದ್ದು ಎಂಬ ಜಗಳ

ಪ್ರಷ್ಯನ್ನರು ಸರಿಯಾದ ಹೊತ್ತಿಗೆ ಮನಸಾರೆ ನೆರವಾದದ್ದರಿಂದಲೇ ಈ ಫಲ ಸಿಕ್ಕಿತು ಎಂದು ವೆಲ್ಲಿಂಗ್ಟನ್ ತನ್ನ ವರದಿಯಲ್ಲಿ ಸ್ಪಷ್ಟವಾಗಿ ಬರೆದಿದ್ದ. ವರ್ಷಗಳು ಕಳೆದಂತೆ ಬ್ರಿಟನ್ನಿನ ನೆನಪು ಬದಲಾಯಿತು. ವಿಲಿಯಂ ಸೈಬೋರ್ನ್ ಎಂಬ ಸೇನಾಧಿಕಾರಿ ಬದುಕುಳಿದ ಅಧಿಕಾರಿಗಳಿಗೆಲ್ಲ ಪತ್ರ ಬರೆದು ವಿವರ ಕಲೆಹಾಕಿ, ರಣಭೂಮಿಯ ದೊಡ್ಡ ಮಾದರಿಯೊಂದನ್ನು ಮಾಡಿ 1838ರಲ್ಲಿ ಪ್ರದರ್ಶನಕ್ಕಿಟ್ಟ. ಅದರಲ್ಲಿ ಸಂಜೆ 7ರ ಹೊತ್ತಿಗೆ ಪ್ರಷ್ಯನ್ನರು ಭಾರಿ ಸಂಖ್ಯೆಯಲ್ಲಿ ಬಂದಿದ್ದರು. ಇದು ವೆಲ್ಲಿಂಗ್ಟನ್ ಕಡೆಯವರಿಗೆ ಹಿಡಿಸಲಿಲ್ಲ. ಕೊನೆಗೆ ಪುಟ್ಟ ಪ್ರಷ್ಯನ್ ಗೊಂಬೆಗಳಲ್ಲಿ ಬಹುಪಾಲನ್ನು ತೆಗೆದುಹಾಕಲಾಯಿತು. ಆ ಮಾದರಿ ಈಗಲೂ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಜರ್ಮನಿಯ ಲೇಖಕರಲ್ಲಿ ಹಲವರು ಇದಕ್ಕೆ ಉಲ್ಟಾ, ಗೆದ್ದದ್ದೇ ನಾವು ಎಂದರು. ಎರಡೂ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಪ್ರಷ್ಯನ್ನರು ಬರುವ ಭರವಸೆ ಇಲ್ಲದಿದ್ದರೆ ವೆಲ್ಲಿಂಗ್ಟನ್ ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ಅವನು ಅಷ್ಟು ಹೊತ್ತು ನಿಲ್ಲದಿದ್ದರೆ ಪ್ರಷ್ಯನ್ನರು ಬಂದು ಮಾಡುವುದೇನೂ ಇರುತ್ತಿರಲಿಲ್ಲ.

ಶ್ರೀರಂಗಪಟ್ಟಣದ ವೆಲ್ಲೆಸ್ಲಿ

ಈ ವೆಲ್ಲಿಂಗ್ಟನ್ ನಮ್ಮ ನೆಲಕ್ಕೆ ಹೊಸಬನಲ್ಲ. ಡ್ಯೂಕ್ ಆಗುವ ಮೊದಲು ಅವನ ಹೆಸರು ಆರ್ಥರ್ ವೆಲ್ಲೆಸ್ಲಿ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿನಲ್ಲಿ ಟಿಪ್ಪುವಿನ ಸೈನಿಕರು ಅವನನ್ನು ಕತ್ತಲಲ್ಲಿ ದಾರಿತಪ್ಪಿಸಿ ಸೋಲಿಸಿದರು. ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ ಮೇಲೆ ಅವನೇ ಅಲ್ಲಿನ ಗವರ್ನರ್ ಆದ. 1800ರಲ್ಲಿ, ಟಿಪ್ಪು ಸತ್ತ ಮೇಲೆ ಬ್ರಿಟಿಷರ ವಿರುದ್ಧ ಎದ್ದ ಧೋಂಡಿಯಾ ವಾಘ್‌ನನ್ನು ಬೆನ್ನಟ್ಟಿ ಇಂದಿನ ಉತ್ತರ ಕರ್ನಾಟಕವನ್ನೆಲ್ಲ ಸುತ್ತಿದ. ಸುಲ್ತಾನ್‌ಪೇಟೆಯಲ್ಲಿ ಅವನ ಜೊತೆಗಿದ್ದ 33ನೇ ರೆಜಿಮೆಂಟ್ 16 ವರ್ಷಗಳ ನಂತರ ವಾಟರ್‌ಲೂ ದಿಬ್ಬದ ಮೇಲೂ ನಿಂತಿತ್ತು.

ಇಲ್ಲಿದ್ದಾಗ ಅವನು ಬರೆದ ಪತ್ರಗಳ ತುಂಬ ಎತ್ತು, ಅಕ್ಕಿ, ಹೊಳೆ ದಾಟುವ ಹರಿಗೋಲುಗಳ ಮಾತು. ಮೈಸೂರಿನ ಅಮೃತಮಹಲ್ ಎತ್ತುಗಳ ವೇಗವನ್ನು ಅವನು ಬಹಳ ಮೆಚ್ಚಿದ್ದ. ಸೈನ್ಯ ಹೊಟ್ಟೆಯ ಮೇಲೆ ನಡೆಯುತ್ತದೆ, ಎತ್ತು ಇಲ್ಲದೆ ಫಿರಂಗಿ ಕದಲುವುದಿಲ್ಲ ಎಂಬ ಪಾಠವನ್ನು ಅವನು ಕಲಿತದ್ದು ದಖ್ಖನ್ನಿನಲ್ಲಿ. ನೆಪೋಲಿಯನ್ ಅವನನ್ನು ‘ಸಿಪಾಯಿಗಳ ಜನರಲ್’ ಎಂದು ಹಗುರವಾಗಿ ಮಾತಾಡುತ್ತಿದ್ದ ಎನ್ನುತ್ತಾರೆ. ನೆಪೋಲಿಯನ್‌ಗೂ ನಮ್ಮ ಕಡೆಯ ನಂಟಿತ್ತು. 1799ರ ಜನವರಿಯಲ್ಲಿ ಕೈರೋದಿಂದ ಅವನು ಟಿಪ್ಪುವಿಗೆ ಪತ್ರ ಬರೆದಿದ್ದ. ನಿಮ್ಮನ್ನು ಇಂಗ್ಲಿಷರ ಕಬ್ಬಿಣದ ನೊಗದಿಂದ ಬಿಡಿಸುವ ಆಸೆಯಿಂದ ದೊಡ್ಡ ಸೈನ್ಯದೊಂದಿಗೆ ಕೆಂಪು ಸಮುದ್ರದ ತೀರಕ್ಕೆ ಬಂದಿದ್ದೇನೆ ಎಂಬುದು ಅದರ ಸಾರ. ಪತ್ರ ಬ್ರಿಟಿಷರ ಕೈಗೆ ಸಿಕ್ಕಿತು. ಟಿಪ್ಪುವಿಗೆ ತಲುಪಲೇ ಇಲ್ಲ.

ವಾಟರ್‌ಲೂನಿಂದಾಗಿ ಭಾರತ ಬ್ರಿಟಿಷರ ಪಾಲಾಯಿತು ಎಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಫ್ರೆಂಚ್ ನೌಕಾಬಲ 1805ರಲ್ಲಿ ಟ್ರಫಾಲ್ಗರ್‌ನಲ್ಲೇ ಮುರಿದಿತ್ತು. ಹಿಂದೂ ಮಹಾಸಾಗರದಲ್ಲಿ ಅವರ ನೆಲೆಯಾಗಿದ್ದ ಮಾರಿಷಸ್ 1810ರಲ್ಲೇ ಹೋಗಿತ್ತು. ವಾಟರ್‌ಲೂ ತಂದದ್ದು ಬೇರೆ. ಯುರೋಪಿನ ದೊಡ್ಡ ಯುದ್ಧದ ಹೊರೆ ಬ್ರಿಟನ್ನಿನ ಹೆಗಲಿನಿಂದ ಇಳಿಯಿತು, ಯುದ್ಧದಲ್ಲಿ ಪಳಗಿದ ಅಧಿಕಾರಿಗಳು ಸಾಮ್ರಾಜ್ಯದ ಮೂಲೆಮೂಲೆಗೂ ಹೋದರು. 1844ರಿಂದ 1848ರವರೆಗೆ ಭಾರತದ ಗವರ್ನರ್ ಜನರಲ್ ಆಗಿದ್ದ ಹಾರ್ಡಿಂಜ್ ತನ್ನ ಎಡಗೈ ಕಳೆದುಕೊಂಡದ್ದು ಲಿನಿಯಲ್ಲಿ, ಬ್ಲೂಷರ್‌ನ ಜೊತೆಗಿದ್ದಾಗ.

ಹಾಗಾದರೆ ವಾಟರ್‌ಲೂ ಬದಲಿಸಿದ್ದೇನು?

ನೆಪೋಲಿಯನ್ ಅಂದು ಗೆದ್ದಿದ್ದರೂ ಬಹಳ ದಿನ ಉಳಿಯುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ಆಸ್ಟ್ರಿಯಾ, ರಷ್ಯಾಗಳ ಲಕ್ಷಾಂತರ ಜನ ರೈನ್ ಕಡೆ ಬರುತ್ತಿದ್ದರು. ಅವನಿಗೆ ಅಷ್ಟು ಸೈನಿಕರನ್ನು ಕೊಡುವ ಶಕ್ತಿ ಫ್ರಾನ್ಸಿಗೆ ಉಳಿದಿರಲಿಲ್ಲ. ಆದರೆ ಇನ್ನೊಂದು ವರ್ಷವೋ ಎರಡು ವರ್ಷವೋ ಯುದ್ಧ ಎಳೆದಿದ್ದರೆ ಮಿತ್ರರು ಒಟ್ಟಾಗಿ ಇರುತ್ತಿದ್ದರೇ? ಕೆಲವು ತಿಂಗಳ ಹಿಂದಷ್ಟೇ ಪೋಲೆಂಡ್, ಸ್ಯಾಕ್ಸನಿಗಾಗಿ ಜಗಳಾಡಿದವರು ಅವರು. ವಿಯೆನ್ನಾ ಒಪ್ಪಂದಕ್ಕೆ ಸಹಿ ಬಿದ್ದದ್ದು 1815ರ ಜೂನ್ 9ರಂದು, ಕದನಕ್ಕೆ ಬರೀ 9 ದಿನ ಮೊದಲು. ಆ ಕಾಗದ ಉಳಿಯುತ್ತದೋ ಇಲ್ಲವೋ ಎಂಬುದು 18ರ ರಾತ್ರಿ ತೀರ್ಮಾನವಾಯಿತು.

ಮುಂದಿನದು ಬೇಗ ಬೇಗ ನಡೆಯಿತು. ಜೂನ್ 22ರಂದು ನೆಪೋಲಿಯನ್ ಎರಡನೇ ಸಲ ಪಟ್ಟ ಬಿಟ್ಟ. ಜುಲೈ 15ರಂದು ಬ್ರಿಟಿಷ್ ಹಡಗು ಬೆಲೆರೊಫೋನ್ ಹತ್ತಿದ. ಸೇಂಟ್ ಹೆಲೆನಾ ದ್ವೀಪದಲ್ಲಿ 1821ರ ಮೇ 5ರಂದು ತೀರಿಕೊಂಡ. ಮಾರ್ಷಲ್ ನೇಗೆ 1815ರ ಡಿಸೆಂಬರ್‌ನಲ್ಲಿ ಅವನ ದೇಶದವರೇ ಗುಂಡು ಹಾಕಿದರು.

ಸೋತ ಫ್ರಾನ್ಸನ್ನು ಏನು ಮಾಡಬೇಕು ಎಂಬುದು ದೊಡ್ಡ ಪ್ರಶ್ನೆಯಾಗಿತ್ತು. ಪ್ರಷ್ಯನ್ನರಿಗೆ ಸೇಡು ಬೇಕಿತ್ತು. ತಮ್ಮ 1806ರ ಸೋಲಿನ ಹೆಸರು ಹೊತ್ತ ಪ್ಯಾರಿಸ್‌ನ ಯೆನಾ ಸೇತುವೆಯನ್ನು ಸ್ಫೋಟಿಸಲು ಬ್ಲೂಷರ್ ಹೊರಟಿದ್ದ. ಅದು ನಿಲ್ಲುವುದಕ್ಕೆ ವೆಲ್ಲಿಂಗ್ಟನ್ ಅಡ್ಡ ಬರಬೇಕಾಯಿತು. ನವೆಂಬರ್ 20ರ ಒಪ್ಪಂದ ಕಠಿಣವಾಗಿಯೇ ಇತ್ತು: 70 ಕೋಟಿ ಫ್ರಾಂಕ್ ದಂಡ, 1,50,000 ವಿದೇಶಿ ಸೈನಿಕರ ಕಾವಲು, 1790ರ ಗಡಿ. ಆದರೆ ಫ್ರಾನ್ಸನ್ನು ತುಂಡು ಮಾಡಲಿಲ್ಲ. ಕಾವಲು 5 ವರ್ಷದವರೆಗೆ ಇರಬಹುದಿತ್ತು, 1818ಕ್ಕೇ ತೆಗೆದರು. ಅದೇ ವರ್ಷ ಫ್ರಾನ್ಸನ್ನು ದೊಡ್ಡ ರಾಷ್ಟ್ರಗಳ ಸಭೆಗೆ ಮತ್ತೆ ಸೇರಿಸಿಕೊಂಡರು.

ನನ್ನ ಪ್ರಕಾರ ವಾಟರ್‌ಲೂನ ಉಳಿದುಕೊಂಡ ಅರ್ಥ ಇಲ್ಲಿದೆ. ಅದೇ ನವೆಂಬರ್ 20ರಂದು ನಾಲ್ಕು ಮಿತ್ರ ರಾಷ್ಟ್ರಗಳು ಇನ್ನೊಂದು ಒಪ್ಪಂದ ಮಾಡಿಕೊಂಡವು. ಯುದ್ಧ ಮುಗಿದ ಮೇಲೂ ಆಗಾಗ ಸೇರಿ ಮಾತಾಡಬೇಕು ಎಂಬ ಮಾತು ಅದರಲ್ಲಿತ್ತು. ಶಾಂತಿಕಾಲದಲ್ಲಿ ದೊಡ್ಡ ರಾಷ್ಟ್ರಗಳು ಹೀಗೆ ಕೂತು ಮಾತಾಡುವ ಪದ್ಧತಿ ಯುರೋಪಿಗೆ ಹೊಸದು. ಆ ಸಭೆಗಳು ಬೇಗ ನಿಂತವು, ಆದರೆ ಬಿಕ್ಕಟ್ಟು ಬಂದಾಗ ಸಮ್ಮೇಳನ ಕರೆಯುವ ಅಭ್ಯಾಸ ಉಳಿಯಿತು. ಕ್ರಿಮಿಯಾದಲ್ಲಿ, ಇಟಲಿಯಲ್ಲಿ, 1870ರಲ್ಲಿ ಫ್ರಾನ್ಸಿನಲ್ಲಿ ಯುದ್ಧಗಳು ನಡೆದವು ನಿಜ. ಆದರೆ ಇಡೀ ಖಂಡ ಒಟ್ಟಿಗೆ ಹೊತ್ತಿಕೊಂಡದ್ದು ಮತ್ತೆ 1914ರಲ್ಲೇ.

ಈ ಶಾಂತಿಗೆ ಬೆಲೆ ತೆತ್ತವರನ್ನು ಮರೆಯಬಾರದು. ಪೋಲೆಂಡ್ ಹಂಚಿಹೋಗಿಯೇ ಉಳಿಯಿತು. ಜರ್ಮನಿಯಲ್ಲಿ 1819ರ ಕಾರ್ಲ್ಸ್‌ಬಾಡ್ ಆಜ್ಞೆಗಳು ಪತ್ರಿಕೆಗಳ, ವಿಶ್ವವಿದ್ಯಾಲಯಗಳ ಬಾಯಿ ಕಟ್ಟಿದವು. 1823ರಲ್ಲಿ ಸ್ಪೇನಿನ ಸಂವಿಧಾನವನ್ನು ಫ್ರೆಂಚ್ ಸೈನ್ಯವೇ ತುಳಿದುಹಾಕಿತು. ದೊರೆಗಳಿಗೆ ಶಾಂತಿ ಅಂದರೆ ಪ್ರಜೆಗಳು ಸುಮ್ಮನಿರುವುದು. ಆದರೂ ಫ್ರೆಂಚ್ ಕ್ರಾಂತಿ ತಂದದ್ದೆಲ್ಲ ಅಳಿಯಲಿಲ್ಲ. ಕಾನೂನಿನ ಮುಂದೆ ಎಲ್ಲರೂ ಸಮಾನ ಎನ್ನುವ ಫ್ರೆಂಚ್ ಸಿವಿಲ್ ಸಂಹಿತೆ ಫ್ರಾನ್ಸಿನಲ್ಲಿ ಉಳಿಯಿತು. ಪ್ರಷ್ಯಾದ ಕೈಗೆ ಬಂದ ರೈನ್ ತೀರದ ಜನರೂ ಅದನ್ನು ಬಿಟ್ಟುಕೊಡದೆ 1900ರವರೆಗೆ ಉಳಿಸಿಕೊಂಡರು.

ರೈನ್ ತೀರವನ್ನು ಪ್ರಷ್ಯಾಕ್ಕೆ ಕೊಟ್ಟದ್ದು ಫ್ರಾನ್ಸಿಗೆ ಕಾವಲು ಇರಲಿ ಎಂದು. ಆ ನೆಲದಲ್ಲಿ ಕಲ್ಲಿದ್ದಲು ಇತ್ತು, ಮುಂದೆ ಉಕ್ಕಿನ ಕಾರ್ಖಾನೆಗಳು ಬಂದವು. 1871ರಲ್ಲಿ ಜರ್ಮನಿಯನ್ನು ಒಂದುಗೂಡಿಸಿದ ಬಲದ ದೊಡ್ಡ ಪಾಲು ಅಲ್ಲಿಂದಲೇ ಬಂತು. ಇನ್ನು ಕದನ ನಡೆದ ನೆಲ. ಅದನ್ನು ವಿಯೆನ್ನಾದಲ್ಲಿ ನೆದರ್‌ಲೆಂಡ್ಸ್‌ಗೆ ಸೇರಿಸಿದ್ದರು. 1830ರಲ್ಲಿ ಅಲ್ಲಿನ ಜನ ದಂಗೆ ಎದ್ದು ಬೆಲ್ಜಿಯಂ ಎಂಬ ಸ್ವತಂತ್ರ ದೇಶ ಕಟ್ಟಿಕೊಂಡರು. ಅದು ಯಾರ ಕಡೆಗೂ ಸೇರದೆ ತಟಸ್ಥವಾಗಿರುತ್ತದೆ ಎಂದು 1839ರಲ್ಲಿ ಲಂಡನ್ನಿನಲ್ಲಿ ದೊಡ್ಡ ರಾಷ್ಟ್ರಗಳೆಲ್ಲ ಸಹಿ ಹಾಕಿದವು. ಪ್ರಷ್ಯಾ ಕೂಡ ಹಾಕಿತು. 1914ರ ಆಗಸ್ಟ್ 4ರಂದು ಜರ್ಮನ್ ಸೈನ್ಯ ಬೆಲ್ಜಿಯಂ ಗಡಿ ದಾಟಿದಾಗ ಬ್ರಿಟನ್ ಯುದ್ಧಕ್ಕೆ ಇಳಿದದ್ದು ಆ ಸಹಿಯ ಹೆಸರಿನಲ್ಲಿ. ಈ ಸಲ ಬ್ರಿಟಿಷರ ಪಕ್ಕದಲ್ಲಿ ನಿಂತವರು ಫ್ರೆಂಚರು.